ಶಾಲಿಗೆ ಹೆಗಲುಂಟು, ಎಲೆಗೆ ಕೈಯಿಲ್ಲ

‘ದೇವಸ್ಥಾನದಲ್ಲಿ ರಾಜಕೀಯ ಬೇಡ’ ಎಂಬ ಮಾತು ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಅತಿ ಹೆಚ್ಚು ಸಲ ಕೇಳಿಬರುವುದು ಎಲ್ಲಿ ಹೇಳಿ ನೋಡುವ? ದೇವಸ್ಥಾನದಲ್ಲಿ. ಹೇಳುವವರು ಯಾರು? ರಾಜಕಾರಣಿ. ಕೇಳಿ ಮೊದಲು ಚಪ್ಪಾಳೆ ತಟ್ಟುವವರು ಯಾರು? ಅದೇ ವೇದಿಕೆಯಲ್ಲಿ ಅದೇ ಮಾತು ಹೇಳಲಿಕ್ಕೆ ತನ್ನ ಸರದಿ ಕಾಯುತ್ತಿರುವ ಎದುರು ಪಕ್ಷದ ರಾಜಕಾರಣಿ.

ನಮ್ಮಲ್ಲಿ ಬ್ರಹ್ಮಕಲಶ ಎಂದರೆ ಬೆಳಿಗ್ಗೆ ತಂತ್ರಿಗಳದ್ದು, ಸಂಜೆ ಮೈಕಿನದ್ದು. ಸಂಜೆಯ ಕಾರ್ಯಕ್ರಮಕ್ಕೆ ‘ಧಾರ್ಮಿಕ ಸಭೆ’ ಎಂದು ಹೆಸರು. ಧಾರ್ಮಿಕರು ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿರುತ್ತಾರೆ, ಸಭೆ ಮೇಲಿರುತ್ತದೆ. ನಡುವೆ ಸ್ವಾಮೀಜಿ, ಅವರ ಬಲಕ್ಕೆ ಹಾಲಿ ಶಾಸಕರು, ಎಡಕ್ಕೆ ಮಾಜಿ ಶಾಸಕರು, ಆಚೆ ಮುಂದಿನ ಸಲದ ಟಿಕೆಟ್ ಆಕಾಂಕ್ಷಿ, ಈಚೆ ಕಳೆದ ಸಲ ಟಿಕೆಟ್ ತಪ್ಪಿದವರು. ಎಲ್ಲರಿಗೂ ಒಂದೊಂದು ಶಾಲು, ಒಂದೊಂದು ಸ್ಮರಣಿಕೆ. ‘ಸಮಯದ ಅಭಾವದಿಂದ ಎರಡೇ ಮಾತು’ ಎಂದು ಶುರು ಮಾಡಿದವರು ಮುಗಿಸುವಾಗ ಸಮಯಕ್ಕೆ ನಿಜವಾಗಿಯೂ ಅಭಾವ ಬಂದಿರುತ್ತದೆ. ಯಕ್ಷಗಾನ ರಾತ್ರಿ ಎಂಟಕ್ಕೆ ಎಂದು ಕಾಗದದಲ್ಲಿ ಇರುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿ ಕುಳಿತ ಮಹಿಷಾಸುರ ಹತ್ತೂವರೆಯವರೆಗೂ ಧನ್ಯವಾದ ಸಮರ್ಪಣೆ ಕೇಳುತ್ತಿರುತ್ತಾನೆ. ದೇವಿ ಬಂದು ಕೊಲ್ಲುವ ಮೊದಲೇ ಅವನು ಅರ್ಧ ಸತ್ತಿರುತ್ತಾನೆ.

ಇದರಲ್ಲಿ ರಾಜಕೀಯ ಎಲ್ಲುಂಟು? ಇಲ್ಲವೇ ಇಲ್ಲ ಮಾರಾಯ್ರೇ. ಎಲ್ಲರೂ ಭಕ್ತರಾಗಿಯೇ ಬಂದವರು. ಕಾರಿನ ಮುಂದಿನ ಬೋರ್ಡು, ಹಿಂದಿನ ಹುಡುಗರು, ಪಕ್ಕದ ವೀಡಿಯೊದವನು, ಇವರೆಲ್ಲ ಭಕ್ತಿಯ ಪರಿಕರಗಳು.

ಈ ವಿಷಯದಲ್ಲಿ ಸಿಖ್ಖರು ನಮಗಿಂತ ತುಂಬಾ ಹಿಂದೆ. ಧರ್ಮ ಬೇರೆ, ರಾಜಕೀಯ ಬೇರೆ ಎಂದು ಗರ್ಭಗುಡಿಯ ಮುಂದೆ ನಿಂತು ಭಾಷಣ ಮಾಡಲಿಕ್ಕೆ ಅವರಿಗೆ ಇನ್ನೂ ಬರುವುದಿಲ್ಲ. ನಾನೂರು ವರ್ಷದ ಹಿಂದೆಯೇ ಎರಡೂ ಒಟ್ಟಿಗೆ ಎಂದು ಎಲ್ಲರೆದುರು ಒಪ್ಪಿಕೊಂಡು ಕೂತ ಬೋಳೆ ಜನ. ಐದನೆಯ ಗುರು ಅರ್ಜನ ದೇವರನ್ನು ಜಹಾಂಗೀರನ ಕಾಲದಲ್ಲಿ ಲಾಹೋರಿನಲ್ಲಿ ಹಿಂಸಿಸಿ ಕೊಂದದ್ದು 1606ರಲ್ಲಿ. ಆ ಬಳಿಕ ಗದ್ದುಗೆಗೆ ಬಂದ ಮಗ ಹರಗೋಬಿಂದರಿಗೆ ಆಗ ಹನ್ನೊಂದು ವರ್ಷ. ಆ ಹುಡುಗ ಸೊಂಟಕ್ಕೆ ಎರಡು ಕತ್ತಿ ಕಟ್ಟಿಕೊಂಡ. ಒಂದು ಮೀರಿ, ಲೋಕದ ಅಧಿಕಾರ. ಇನ್ನೊಂದು ಪೀರಿ, ಆತ್ಮದ ಅಧಿಕಾರ. ಅಮೃತಸರದ ಹರಿಮಂದಿರಕ್ಕೆ ಎದುರಾಗಿಯೇ ಅಕಾಲ್ ತಖ್ತ್ ಎಂಬ ಕಟ್ಟೆ ಕಟ್ಟಿಸಿ, ಅಲ್ಲಿ ಕುಳಿತು ವ್ಯಾಜ್ಯ ತೀರಿಸಿದರು, ಕುಸ್ತಿ ನೋಡಿದರು, ಕಾಣಿಕೆಗೆ ಕುದುರೆ ಮತ್ತು ಆಯುಧ ತನ್ನಿ ಎಂದು ಭಕ್ತರಿಗೆ ಹೇಳಿಕಳಿಸಿದರು. ಗುತ್ತಿನ ಮನೆಯ ಚಾವಡಿ ಕಂಡವರಿಗೆ, ಎಣ್ಮೂರಿನ ಕೋಟಿ ಚೆನ್ನಯರ ಗರಡಿಗೆ ಕೈಮುಗಿದವರಿಗೆ ಇದು ಅಷ್ಟೇನೂ ಪರದೇಶದ ಸಂಗತಿ ಅಲ್ಲ. ದೈವ ನಂಬಿದ ನಾಡಿನಲ್ಲಿ ಆರಾಧನೆ, ಆಯುಧ, ನ್ಯಾಯ ಮೂರೂ ಒಂದೇ ಅಂಗಳದಲ್ಲಿ ಇದ್ದವು.

ಅಕಾಲ್ ತಖ್ತ್ ಪಕ್ಕದಲ್ಲಿ ಇವತ್ತಿಗೂ ಎರಡು ಧ್ವಜಸ್ತಂಭಗಳು ಜೋಡಿಯಾಗಿ ನಿಂತಿವೆ. ಒಂದು ಮೀರಿಯದ್ದು, ಇನ್ನೊಂದು ಪೀರಿಯದ್ದು. ಪೀರಿಯದ್ದು ತುಸು ಎತ್ತರ. ಎರಡೂ ಒಟ್ಟಿಗೆ ಇರಲಿ, ಆದರೆ ಯಾವುದರ ಮಾತು ಯಾವುದು ಕೇಳಬೇಕು ಎಂಬುದರಲ್ಲಿ ಗೊಂದಲ ಬೇಡ ಎಂಬ ಲೆಕ್ಕ. ನಮ್ಮ ಜಾತ್ರೆಗಳಲ್ಲೂ ಈ ಲೆಕ್ಕ ಇದೆ. ಕೊಡಿಮರ ಒಳಗೆ ಇರುತ್ತದೆ, ಕಟೌಟು ದ್ವಾರದಲ್ಲಿ. ಯಾವುದು ಎತ್ತರ ಎಂದು ರಸ್ತೆಯಲ್ಲಿ ನಿಂತೇ ನೋಡಬಹುದು.

ಇನ್ನೊಂದು ಕಥೆ ನಮ್ಮ ರಾಜ್ಯಕ್ಕೇ ಸಂಬಂಧಪಟ್ಟದ್ದು. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಹತ್ತನೆಯ ಗುರು ಗೋಬಿಂದ ಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ಬಂದ ಐವರಲ್ಲಿ ಒಬ್ಬ ಬೀದರಿನ ಕ್ಷೌರಿಕ, ಸಾಹಿಬ್ ಚಂದ್. ಇನ್ನೊಬ್ಬ ನೀರು ಹೊರುವವನು. ಗುರು ಆ ಐವರಿಗೆ ಅಮೃತ ಕೊಟ್ಟು ಖಾಲ್ಸಾ ಮಾಡಿದರು. ಅಲ್ಲಿಗೆ ಮುಗಿಸಿದ್ದರೆ ಅದು ಎಲ್ಲ ಕಡೆಯೂ ನಡೆಯುವ ಕಥೆ. ಆದರೆ ಗುರು ಅದೇ ಐವರ ಮುಂದೆ ಕೈಜೋಡಿಸಿ ನಿಂತು, ಈಗ ನನಗೂ ನೀವೇ ಕೊಡಿ ಎಂದು ಬೇಡಿ ಅವರಿಂದ ದೀಕ್ಷೆ ಪಡೆದರು. ಧರ್ಮದ ನಾಯಕನಿಗೂ ಮೇಲೊಂದು ಪಂಚಾಯಿತಿ ಉಂಟು, ಅದರಲ್ಲಿ ಬೀದರಿನ ಕ್ಷೌರಿಕನಿಗೂ ಜಾಗ ಉಂಟು ಎಂಬ ಏರ್ಪಾಡು. ನಮ್ಮ ಮೂರು ತಾಲೂಕುಗಳ ಜೀರ್ಣೋದ್ಧಾರ ಸಮಿತಿಗಳ ಗೌರವಾಧ್ಯಕ್ಷರ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಕ್ಷೌರಿಕರ ಹೆಸರು ಸಿಕ್ಕಿದರೆ ನನಗೂ ಹೇಳಿ, ನಾನೇ ಹೋಗಿ ಒಂದು ಶಾಲು ಹೊದೆಸಿ ಬರುತ್ತೇನೆ.

ಧರ್ಮ, ರಾಜಕೀಯ ಒಟ್ಟಿಗೆ ಇರುವುದಾದರೆ ಲೆಕ್ಕವೂ ಒಟ್ಟಿಗೇ ಕೊಡಬೇಕಲ್ಲ? ಸಿಖ್ಖರ ನಿಜವಾದ ಎಡವಟ್ಟು ಇರುವುದು ಇಲ್ಲಿಯೇ. ಅಕಾಲ್ ತಖ್ತ್ ಒಬ್ಬನನ್ನು ತಪ್ಪಿತಸ್ಥ ಎಂದರೆ ಅವನು ಬಂದು ಎಲ್ಲರೆದುರು ತನ್‌ಖಾಹ್ ಎಂಬ ಪ್ರಾಯಶ್ಚಿತ್ತ ಮಾಡಬೇಕು. ಪಂಜಾಬನ್ನು ಆಳಿದ ಮಹಾರಾಜ ರಣಜಿತ್ ಸಿಂಗನಿಗೂ ಅಕಾಲಿ ಫೂಲಾ ಸಿಂಗ್ ಛಡಿಯೇಟಿನ ಶಿಕ್ಷೆ ಹೇಳಿದ್ದ ಎಂದು ಸಿಖ್ಖರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮುಖ್ಯಮಂತ್ರಿಯಾಗಿದ್ದ ಸುರ್ಜಿತ್ ಸಿಂಗ್ ಬರ್ನಾಲಾ 1988ರಲ್ಲಿ ಕೊರಳಿಗೆ ಫಲಕ ಹಾಕಿಕೊಂಡು ಕಂಬಕ್ಕೆ ಕಟ್ಟಿಸಿಕೊಂಡರು. ದೇಶದ ಗೃಹಮಂತ್ರಿಯಾಗಿದ್ದ ಬೂಟಾ ಸಿಂಗ್ ಪಾತ್ರೆ ತೊಳೆದು, ಭಕ್ತರ ಚಪ್ಪಲಿ ಒರೆಸಿ ಮತ್ತೆ ಪಂಥದೊಳಗೆ ಬಂದರು. ಇದು ಹಳೆಯ ಕಾಲದ್ದು ಎನ್ನುವ ಹಾಗೂ ಇಲ್ಲ. 2024ರ ಡಿಸೆಂಬರ್ 2ರಂದು ಪಂಜಾಬಿನ ಮಾಜಿ ಉಪಮುಖ್ಯಮಂತ್ರಿ, ಅಕಾಲಿ ದಳದ ಸುಖ್‌ಬೀರ್ ಸಿಂಗ್ ಬಾದಲ್‌ಗೆ ಶೌಚಾಲಯ ತೊಳೆಯುವ, ಲಂಗರಿನ ತಟ್ಟೆ ತೊಳೆಯುವ, ಬಾಗಿಲಲ್ಲಿ ಈಟಿ ಹಿಡಿದು ಕಾವಲು ಕೂರುವ ಶಿಕ್ಷೆಯಾಯಿತು. ಕಾಲು ಮುರಿದಿತ್ತು, ಗಾಲಿಕುರ್ಚಿಯಲ್ಲಿಯೇ ಬಂದು ಕೊರಳಲ್ಲಿ ಫಲಕ ತೂಗಿಕೊಂಡು ಕುಳಿತರು. ಎರಡು ದಿನ ಬಿಟ್ಟು ಅದೇ ಬಾಗಿಲಲ್ಲಿ ಒಬ್ಬ ಗುಂಡು ಹಾರಿಸಿದ, ಗುರಿ ತಪ್ಪಿತು. ಮರುದಿನ ಅವರು ಉಳಿದ ಶಿಕ್ಷೆ ಮುಂದುವರಿಸಿದರು.

ನಮ್ಮ ಕಡೆಯ ಒಬ್ಬ ನಾಯಕರಿಗೆ ಕಾಲು ಉಳುಕಿದ್ದರೆ? ಬಿಡಿ, ಅವರು ಜಾತ್ರೆಗೆ ಬರದಿದ್ದುದೇ ದೇವರಿಗೆ ನಷ್ಟ ಎಂದು ಫ್ಲೆಕ್ಸ್ ಬೀಳುತ್ತಿತ್ತು.

ಆಣೆ ಪ್ರಮಾಣ ನಮ್ಮಲ್ಲೂ ಇದೆ ಎಂದು ನೀವು ಹೇಳಬಹುದು. ಇದೆ, ಅದರ ಗತಿಯನ್ನೂ ನೋಡಿದ್ದೇವೆ. 2011ರ ಜೂನ್ 27ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ, ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿ ಇಬ್ಬರೂ ಮಂಜುನಾಥನ ಮುಂದೆ ಸತ್ಯ ಹೇಳಲು ಧರ್ಮಸ್ಥಳಕ್ಕೆ ಬಂದರು. ರಾಜ್ಯವೇ ಟಿ.ವಿ. ಮುಂದೆ ಕೂತಿತ್ತು. ಇಬ್ಬರೂ ದರ್ಶನ ಮಾಡಿದರು, ಪ್ರಸಾದ ತೆಗೆದುಕೊಂಡರು, ಆಣೆ ಹಾಕದೆ ಹಿಂದಿರುಗಿದರು. ದೇವರನ್ನು ಇಕ್ಕಟ್ಟಿಗೆ ಸಿಕ್ಕಿಸದ ಈ ಸಂಸ್ಕಾರ ಅಮೃತಸರದವರಿಗೆ ಬರುವುದಕ್ಕೆ ಇನ್ನೂ ನಾನೂರು ವರ್ಷ ಬೇಕು.

ಇನ್ನು ಆಡಳಿತದ ವಿಷಯ. ಗುರುದ್ವಾರಗಳನ್ನು ಹಿಡಿದು ಕೂತಿದ್ದ ಮಹಂತರನ್ನು ಎಬ್ಬಿಸಲಿಕ್ಕೆ ಸಿಖ್ಖರು 1920ರಿಂದ ಐದು ವರ್ಷ ಲಾಠಿ, ಜೈಲು, ಗುಂಡು ಎಲ್ಲ ತಿಂದರು. 1921ರಲ್ಲಿ ನನ್‌ಕಾನಾ ಸಾಹಿಬ್‌ನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಕೊನೆಗೆ 1925ರಲ್ಲಿ ಕಾಯ್ದೆ ಬಂತು: ಗುರುದ್ವಾರ ನಡೆಸುವ ಸಮಿತಿಯನ್ನು ಭಕ್ತರೇ ಓಟು ಹಾಕಿ ಆರಿಸಬೇಕು. ಹೆಂಗಸರಿಗೂ ಆಗಲೇ ಓಟು. ಅದೇ ಹೋರಾಟದ ಮಡಿಲಲ್ಲಿ 1920ರ ಡಿಸೆಂಬರಿನಲ್ಲಿ ಅಕಾಲಿ ದಳ ಹುಟ್ಟಿತು. ದೇವಸ್ಥಾನದ ಲೆಕ್ಕ ಕೇಳಲಿಕ್ಕೆ ಹುಟ್ಟಿದ ಪಕ್ಷ! ನಮ್ಮಲ್ಲಿ ಪಕ್ಷ ಮೊದಲು ಹುಟ್ಟಿ, ಲೆಕ್ಕ ಬರೆಯಲಿಕ್ಕೆ ಆಮೇಲೆ ದೇವಸ್ಥಾನಕ್ಕೆ ಬರುತ್ತದೆ.

ನಮ್ಮ ಏರ್ಪಾಡು ಹೆಚ್ಚು ಸರಳ. 1997ರ ಧಾರ್ಮಿಕ ದತ್ತಿ ಕಾಯ್ದೆಯ ಪ್ರಕಾರ ಮುಜರಾಯಿ ದೇವಸ್ಥಾನಗಳಿಗೆ ವ್ಯವಸ್ಥಾಪನಾ ಸಮಿತಿ ಉಂಟು, ಅವಧಿ ಮೂರು ವರ್ಷ. ಅರ್ಚಕರಿಗೆ, ದಲಿತರಿಗೆ, ಮಹಿಳೆಯರಿಗೆ ಜಾಗ ಇಟ್ಟಿದ್ದಾರೆ, ಇದು ಒಳ್ಳೆಯದೇ. ಭಕ್ತರು ಅರ್ಜಿ ಹಾಕಬಹುದು, ಓಟು ಹಾಕುವ ಹಾಗಿಲ್ಲ. ಆದರೂ ಚುನಾವಣೆ ಇಲ್ಲ ಎಂದು ಯಾರೂ ಬೇಸರ ಮಾಡಬೇಕಾಗಿಲ್ಲ. ವಿಧಾನಸಭೆಯ ಚುನಾವಣೆಯಲ್ಲಿ ನೀವು ಒತ್ತುವ ಬಟನ್ನೇ ಅದಕ್ಕೂ ಆಗುತ್ತದೆ. ಬೆಂಗಳೂರಿನಲ್ಲಿ ಸರಕಾರ ಬದಲಾದರೆ ಇಲ್ಲಿ ದೇವರ ಆಪ್ತವಲಯ ಬದಲಾಗುತ್ತದೆ. ನಿನ್ನೆಯವರೆಗೆ ಒಳಾಂಗಣದಲ್ಲಿ ಬಲಿಯ ಹಿಂದೆಯೇ ನಡೆಯುತ್ತಿದ್ದವರು ಇವತ್ತು ಹೊರಗಿನ ಗೇಟಿನ ಹತ್ತಿರ ನಿಂತು ‘ಸ್ವಚ್ಛತೆ ಸಾಲದು’ ಎಂದು ವಾಟ್ಸ್ಯಾಪ್ ಹಾಕುತ್ತಾರೆ. ನಿನ್ನೆಯವರೆಗೆ ಗೇಟಿನ ಹತ್ತಿರ ಇದ್ದವರು ಒಳಗೆ ಹೋಗಿ ‘ಎಲ್ಲ ದೇವರ ಇಚ್ಛೆ’ ಎನ್ನುತ್ತಾರೆ. ಎರಡೂ ಪಕ್ಷಗಳು ಈ ವಿಷಯದಲ್ಲಿ ಪರಸ್ಪರ ಎಷ್ಟು ಗೌರವ ಇಟ್ಟುಕೊಂಡಿವೆ ಎಂದರೆ, ಒಬ್ಬರು ಮಾಡಿದ ಪದ್ಧತಿಯನ್ನು ಇನ್ನೊಬ್ಬರು ಒಂದಿಷ್ಟೂ ಬದಲಿಸಿಲ್ಲ.

ಸಣ್ಣ ದೇವಸ್ಥಾನವಾದರೆ ಹೋಗಲಿ. ಕಡಬ ತಾಲೂಕಿನಲ್ಲಿ ಕುಕ್ಕೆ ಸುಬ್ರಹ್ಮಣ್ಯ ಇದೆ. ರಾಜ್ಯದ ಮುಜರಾಯಿ ದೇವಸ್ಥಾನಗಳಲ್ಲಿ ಆದಾಯದಲ್ಲಿ ಮೊದಲನೆಯದು. 2023-24ರಲ್ಲಿ ಸುಮಾರು 146 ಕೋಟಿ ರೂಪಾಯಿ. ಇಷ್ಟು ದೊಡ್ಡ ಆದಾಯ ಇರುವಲ್ಲಿ ಭಕ್ತಿ ಹೆಚ್ಚುವುದು ಸಹಜ. ಅರ್ಜಿಗಳೂ ಹೆಚ್ಚುತ್ತವೆ. 2024ರ ಫೆಬ್ರವರಿಯಲ್ಲಿ ದೊಡ್ಡ ದೇವಸ್ಥಾನಗಳ ಆದಾಯದಲ್ಲಿ ಒಂದು ಪಾಲನ್ನು ಬಡ ದೇವಸ್ಥಾನಗಳಿಗೆ ಕೊಡುವ ಮಸೂದೆ ಬಂದಾಗ ವಿಧಾನ ಪರಿಷತ್ತಿನಲ್ಲಿ ಎಂಥ ಧರ್ಮಯುದ್ಧವಾಯಿತು! ದೇವರ ದುಡ್ಡು ಯಾರದ್ದು ಎಂಬ ಬಗ್ಗೆ ದೇವರೊಬ್ಬರನ್ನು ಬಿಟ್ಟು ಎಲ್ಲರೂ ಮಾತಾಡಿದರು. ಕುಕ್ಕೆಯ ಬ್ರಹ್ಮರಥಕ್ಕೆ ಬಿದಿರು ಬೆತ್ತ ಕಟ್ಟುವವರು ಮಲೆಕುಡಿಯರು. ಕಾಡಿನಿಂದ ಬೆತ್ತ ತಂದು, ಅಷ್ಟೆತ್ತರದ ರಥ ಕಟ್ಟಿ ಬದಿಗೆ ಸರಿಯುವ ಅವರಿಗೆ ಯಾವ ಪಕ್ಷವೂ ಎದುರು ಸಾಲಿನಲ್ಲಿ ಕುರ್ಚಿ ಇಟ್ಟದ್ದು ನಾನು ಕಂಡಿಲ್ಲ.

ಪುತ್ತೂರಿಗೆ ಬರುವ. ಮಹಾಲಿಂಗೇಶ್ವರನ ಜಾತ್ರೆ ಏಪ್ರಿಲ್ 10ಕ್ಕೆ ಕೊಡಿ ಏರಿ 17ಕ್ಕೆ ಬ್ರಹ್ಮರಥ. ‘ಪುತ್ತೂರು ಬೆಡಿ’ ನೋಡಲು ಸುತ್ತ ಹತ್ತೂರಿನ ಜನ ಬರುತ್ತಾರೆ. ಆದರೆ ಈಚಿನ ವರ್ಷಗಳಲ್ಲಿ ಬೆಡಿ ಜಾತ್ರೆಗೆ ಮೊದಲೇ, ಆಮಂತ್ರಣ ಪತ್ರಿಕೆಯಲ್ಲಿಯೇ ಸಿಡಿಯುತ್ತದೆ. 2016ರಲ್ಲಿ ಜಿಲ್ಲಾಧಿಕಾರಿ ಎ.ಬಿ. ಇಬ್ರಾಹಿಂ ಅವರ ಹೆಸರು ಪತ್ರಿಕೆಯಲ್ಲಿ ಅಚ್ಚಾಯಿತು. ಜಿಲ್ಲಾಧಿಕಾರಿ ಎಂದಮೇಲೆ ಹೆಸರು ಹಾಕುವುದು ಶಿಷ್ಟಾಚಾರ. ಹೆಸರು ಇಬ್ರಾಹಿಂ ಎಂದಮೇಲೆ ಬೀದಿಗಿಳಿಯುವುದೂ ಶಿಷ್ಟಾಚಾರ. ಪ್ರತಿಭಟನೆ ಆಯಿತು, ವಿಷಯ ಹೈಕೋರ್ಟಿಗೆ ಹೋಯಿತು. ಮಹಾಲಿಂಗೇಶ್ವರ ಆ ಪತ್ರಿಕೆ ಓದಿದ್ದನೇ ಎಂದು ಯಾರೂ ವಿಚಾರಿಸಲಿಲ್ಲ. 2022ರಲ್ಲಿ ಜಾತ್ರೆಯ ಸಂತೆಯ ಏಲಂಗೆ ಹಿಂದೂಗಳು ಮಾತ್ರ ಬರಬೇಕು ಎಂದಾಯಿತು. ಅಷ್ಟು ವರ್ಷ ಬಳೆ, ಕಡಲೆ, ಬಲೂನು ಮಾರಿದ ಬ್ಯಾರಿಗಳ ಕೈಯಿಂದ ಜಾತ್ರೆ ಮುಕ್ತವಾಯಿತು. ಅಮೃತಸರದ ಹರಿಮಂದಿರಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು ಇಟ್ಟವರು ಇದನ್ನು ಕೇಳಿದರೆ ಬಡಗಿಗೆ ಸುಮ್ಮನೆ ಕೂಲಿ ಕೊಟ್ಟೆವಲ್ಲ ಎಂದು ಕೊರಗಿಯಾರು.

ಧರ್ಮದ ವೇಷದಲ್ಲಿ ರಾಜಕೀಯ ನಮ್ಮ ಕಡೆಗೆ ನಿನ್ನೆ ಮೊನ್ನೆ ಬಂದದ್ದಲ್ಲ, ನ್ಯಾಯಕ್ಕೆ ಹೇಳಬೇಕು. ಸುಳ್ಯದವರಿಗೆ 1837 ಗೊತ್ತು. ಕೊಡಗಿನ ಅರಸನನ್ನು ಇಳಿಸಿದ ಬ್ರಿಟಿಷರು 1834ರಲ್ಲಿ ಅಮರ ಸುಳ್ಯ ಸೀಮೆಯನ್ನು ಕೆನರಾಕ್ಕೆ ಸೇರಿಸಿ, ಭತ್ತದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಿ ಎಂದರು. ರೈತರ ಹತ್ತಿರ ಭತ್ತ ಇತ್ತು, ರೂಪಾಯಿ ಇರಲಿಲ್ಲ. ಕೆದಂಬಾಡಿ ರಾಮಯ್ಯ ಗೌಡರು ಮತ್ತವರ ಜೊತೆಗಾರರು ದಂಡು ಕಟ್ಟಿದರು. ದಂಡಿಗೆ ಒಬ್ಬ ಅರಸ ಬೇಕಲ್ಲ? ಶನಿವಾರಸಂತೆ ಕಡೆಯ ಪುಟ್ಟಬಸಪ್ಪನಿಗೆ ಜಂಗಮನ ವೇಷ ತೊಡಿಸಿ, ಇವನೇ ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಸಾರಿದರು. ಆ ವೇಷದ ‘ಸ್ವಾಮಿ’ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಕಂದಾಯ ಮನ್ನಾ, ಉಪ್ಪು, ಹೊಗೆಸೊಪ್ಪಿನ ಮೇಲಿನ ತೆರಿಗೆಗೆ ಕತ್ತರಿ. ಬೆಳ್ಳಾರೆಯ ಖಜಾನೆ ಒಡೆದು, ಪುತ್ತೂರು ದಾಟಿ, ಏಪ್ರಿಲ್ 5ಕ್ಕೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿ, ಹದಿಮೂರು ದಿನ ಆಳಿದರು. ಆಮೇಲೆ ಬಿಕರ್ನಕಟ್ಟೆಯಲ್ಲಿ ನೇಣು. ಸುಳ್ಳು ಸ್ವಾಮಿ ಕೊರಳು ಕೊಟ್ಟ. 2022ರ ನವೆಂಬರಿನಲ್ಲಿ ಅದೇ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಎದ್ದಿತು, ಸಕಲ ಮರ್ಯಾದೆಯೊಂದಿಗೆ. ಅನಾವರಣದ ವೇದಿಕೆಯಲ್ಲಿ ಶಾಲಿಗೂ ಬರ ಇರಲಿಲ್ಲ. ಕಂದಾಯದ ವಿಷಯ ಎತ್ತಿದವರಿಗೆ ಮಾತ್ರ ಬರ.

ಈಗಿನವರು ವೇಷಕ್ಕೆ ಕೊಡುವ ಬೆಲೆ ಇಷ್ಟು ಜಾಸ್ತಿ ಇಲ್ಲ. ನಮ್ಮ ಮಣ್ಣು ಅಡಿಕೆ, ರಬ್ಬರ್, ಕೊಕ್ಕೋದ ಜೊತೆಗೆ ನಾಯಕರನ್ನೂ ರಫ್ತು ಮಾಡುತ್ತದೆ. ಸುಳ್ಯದ ಮಂಡೆಕೋಲಿನ ಸದಾನಂದ ಗೌಡರು ಮುಖ್ಯಮಂತ್ರಿಯಾಗಿ, ಬಳಿಕ ಬೆಂಗಳೂರು ಉತ್ತರದ ಸಂಸದರಾದರು. ಅವರು ಬಿಟ್ಟ ಜಾಗಕ್ಕೆ 2024ರಲ್ಲಿ ಹೋದದ್ದು ಕಡಬ ಕಡೆಯ ಚಾರ್ವಾಕದ ಶೋಭಾ ಕರಂದ್ಲಾಜೆ. ಬೆಂಗಳೂರು ಉತ್ತರಕ್ಕೂ ನಮ್ಮ ಘಟ್ಟದ ತಪ್ಪಲಿಗೂ ಇರುವ ಈ ನಂಟಿನ ಮೇಲೆ ಯಾರಾದರೂ ಪಿಎಚ್‌ಡಿ ಮಾಡಬೇಕು. ಪುತ್ತೂರಿನ ಕಾಂಗ್ರೆಸ್ಸಿನದ್ದು ಇನ್ನೊಂದು ಸೋಜಿಗ. 2013ರಲ್ಲಿ ಗೆದ್ದ ಶಕುಂತಳಾ ಶೆಟ್ಟಿ ಮೊದಲು ಬಿಜೆಪಿ ಶಾಸಕಿ. 2023ರಲ್ಲಿ ಗೆದ್ದ ಅಶೋಕ್ ಕುಮಾರ್ ರೈ ಚುನಾವಣೆ ಹತ್ತಿರ ಬಂದಾಗ ಬಿಜೆಪಿಯಿಂದ ಬಂದವರು. ಇಲ್ಲಿ ಜಾತ್ಯತೀತತೆ ಗೆಲ್ಲಬೇಕಾದರೆ ಅದಕ್ಕೂ ಮೊದಲು ಎದುರು ಶಾಲೆಯಲ್ಲಿ ಕಲಿತ ಸರ್ಟಿಫಿಕೇಟು ಬೇಕು.

2023ರ ಆ ಚುನಾವಣೆ ಇಡೀ ರಾಜ್ಯಕ್ಕೆ ಪಾಠ ಹೇಳಿತು. ಹಿಂದುತ್ವದ ಟಿಕೆಟು ತನಗೆ ಸಿಗಲಿಲ್ಲ ಎಂದು ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತರು. ಬಿಜೆಪಿಯ ಅಧಿಕೃತ ಹಿಂದುತ್ವ ಮೂರನೆಯ ಸ್ಥಾನಕ್ಕೆ ಹೋಯಿತು, ಪಕ್ಷೇತರ ಹಿಂದುತ್ವ ಎರಡನೆಯದಕ್ಕೆ, ಕಾಂಗ್ರೆಸ್ 4,149 ಮತದಲ್ಲಿ ಗೆದ್ದಿತು. ದೇವರು ಒಬ್ಬನೇ ಎಂದು ಎಲ್ಲರೂ ಒಪ್ಪಿದ ಊರಿನಲ್ಲಿ ಅವನ ಪರವಾಗಿ ನಿಲ್ಲುವ ಅಧಿಕಾರ ಯಾರದ್ದು ಎಂಬುದೇ ಜಗಳ. ಮುಂದಿನ ವರ್ಷದ ಲೋಕಸಭಾ ಚುನಾವಣೆ ಬಂದಾಗ ಎರಡನೆಯ ಹಿಂದುತ್ವ ಮೂರನೆಯದರೊಳಗೆ ಸೇರಿಕೊಂಡಿತು. ಗದ್ದೆ ಮಾತ್ರ ಒಂದೇ. ಮಹಾಲಿಂಗೇಶ್ವರನ ದೇವರಮಾರು ಗದ್ದೆಯಲ್ಲಿ ಜಾತ್ರೆ, ಅಲ್ಲಿಯೇ ಕೋಟಿ ಚೆನ್ನಯ ಕಂಬಳ, ಅಲ್ಲಿಯೇ ದೊಡ್ಡ ದೊಡ್ಡ ಧಾರ್ಮಿಕ ಉತ್ಸವ. ಓಡುವ ಕೋಣಗಳು ಬದಲಾಗುತ್ತವೆ, ಓಡಿಸುವವರೂ. ಕೆಸರಿಗೆ ಪಕ್ಷ ಇಲ್ಲ.

ನಗುವುದಕ್ಕೆ ಆಗದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. 2022ರ ಜುಲೈಯಲ್ಲಿ ಬೆಳ್ಳಾರೆಯ ಆಸುಪಾಸಿನಲ್ಲಿ ಒಂದೇ ವಾರದೊಳಗೆ ಇಬ್ಬರು ಯುವಕರು ಸತ್ತರು, ಇಬ್ಬರೂ ಕೊಲೆಯಾಗಿ. ಮೊದಲು ಒಬ್ಬ ಮುಸ್ಲಿಂ ಹುಡುಗ, ಆಮೇಲೆ ಬಿಜೆಪಿ ಯುವಮೋರ್ಚಾದ ಒಬ್ಬ ಕಾರ್ಯಕರ್ತ. ಮುಖ್ಯಮಂತ್ರಿ ಬಂದರು. ಒಂದು ಮನೆಗೆ ಹೋದರು, ಪರಿಹಾರ ಘೋಷಿಸಿದರು. ಇನ್ನೊಂದು ಮನೆಗೆ ಹೋಗಲಿಲ್ಲ. ಎರಡು ಮನೆಯಲ್ಲೂ ತಾಯಂದಿರಿದ್ದರು. ಇದಕ್ಕೆ ವ್ಯಂಗ್ಯ ಬರೆಯುವ ಪೆನ್ನು ನನ್ನ ಹತ್ತಿರ ಇಲ್ಲ.

ಆದರೆ ಅದೇ ಬೆಳ್ಳಾರೆಯಲ್ಲಿ ಆ ಕಾರ್ಯಕರ್ತನ ಕೊಲೆಯ ಮರುದಿನ ನಡೆದದ್ದು ಬೇರೆ. ಅಂತ್ಯದರ್ಶನಕ್ಕೆ ಬಂದ ಬಿಜೆಪಿಯ ಆಗಿನ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಅವರ ಕಾರನ್ನು ಅವರದ್ದೇ ಪಕ್ಷದ ಹುಡುಗರು ಸುತ್ತುವರಿದು ಹಿಡಿದು ಅಲ್ಲಾಡಿಸಿದರು. ಹುಡುಗರಿಗೆ ಅಷ್ಟು ವರ್ಷದಿಂದ ಹೇಳಿಕೊಟ್ಟದ್ದು ಇದನ್ನೇ: ಧರ್ಮಕ್ಕಾಗಿ ಬನ್ನಿ, ಪ್ರಾಣ ಕೊಡಿ. ಪ್ರಾಣ ಹೋದ ದಿನ ಲೆಕ್ಕ ಕೇಳಿದರು. ಕೇಳಲಿಕ್ಕೆ ಒಂದು ಕಟ್ಟೆ ಇರಲಿಲ್ಲ, ಒಬ್ಬ ಪಂಚ ಇರಲಿಲ್ಲ, ಹೇಳಿಕೆಗೆ ಒಂದು ವಿಧಿ ಇರಲಿಲ್ಲ. ಇದ್ದದ್ದು ಒಂದು ಕಾರು. ಮೀರಿ ಪೀರಿ ಎರಡನ್ನೂ ಒಂದೇ ಡಿಕ್ಕಿಯಲ್ಲಿ ಇಟ್ಟು ಓಡಿಸುವವರಿಗೆ ಇಂಥ ದಿನ ಒಮ್ಮೆ ಬಂದೇ ಬರುತ್ತದೆ.

ನಮ್ಮ ದೈವಗಳೇ ಮೊದಲು ಈ ಕೆಲಸ ಮಾಡುತ್ತಿದ್ದವು. ನೇಮದ ಅಂಗಳದಲ್ಲಿ ಗುತ್ತಿನ ಯಜಮಾನನನ್ನು ಎಲ್ಲರೆದುರು ನಿಲ್ಲಿಸಿ ‘ಏನು ನಿನ್ನ ನಡತೆ’ ಎಂದು ಕೇಳುವ ಅಧಿಕಾರ ದೈವಕ್ಕಿತ್ತು. ಆ ನುಡಿ ಹೇಳುವವನು ಪಂಬದನೋ ನಲಿಕೆಯವನೋ ಆಗಿರುತ್ತಿದ್ದ. ಉಳಿದ ದಿನ ಅದೇ ಯಜಮಾನನ ಮೆಟ್ಟಿಲ ಕೆಳಗೆ ನಿಲ್ಲುವವನು. ಅಷ್ಟರಮಟ್ಟಿಗೆ ತುಳುನಾಡಿಗೂ ಬೀದರಿನ ಕ್ಷೌರಿಕನ ಕಥೆ ಗೊತ್ತಿತ್ತು. ಈಗ ನಾಯಕರು ನಾಮಪತ್ರಕ್ಕೆ ಮೊದಲು ದೈವಸ್ಥಾನಕ್ಕೆ ಹೋಗುತ್ತಾರೆ, ‘ದೈವ ಅಭಯ ನೀಡಿತು’ ಎಂದು ಮರುದಿನ ಸುದ್ದಿ. ಗದರಿಸಿತು ಎಂಬ ಸುದ್ದಿ ನಾನು ಓದಿದ್ದಿಲ್ಲ. ಒಂದೋ ನಮ್ಮ ನಾಯಕರೆಲ್ಲ ನಿಷ್ಕಳಂಕರು, ಇಲ್ಲ ದೈವಕ್ಕೂ ಪ್ರೆಸ್‌ನೋಟು ಬರೆಯುವವರಿದ್ದಾರೆ.

ಹಾಗಾದರೆ ತನ್‌ಖಾಹ್ ಪದ್ಧತಿಯನ್ನು ನಮ್ಮ ಮೂರು ತಾಲೂಕುಗಳಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದರೆ ಹೇಗೆ? ಶಿಕ್ಷೆ ಕಠಿಣವೇನೂ ಬೇಡ. ಜಾತ್ರೆಯ ಫ್ಲೆಕ್ಸಿನಲ್ಲಿ ದೇವರಿಗಿಂತ ದೊಡ್ಡ ಮುಖ ಹಾಕಿಸಿಕೊಂಡವರು ಜಾತ್ರೆ ಮುಗಿದ ಮೇಲೆ ಅಷ್ಟೂ ಫ್ಲೆಕ್ಸ್ ತಾವೇ ಬಿಚ್ಚಿ ಮಡಚಿ ಇಡಬೇಕು. ಮೂರು ಚುನಾವಣೆಗಳಲ್ಲಿ ಒಂದೇ ಸೇತುವೆಯ ಆಶ್ವಾಸನೆ ಕೊಟ್ಟವರು ಮಳೆಗಾಲದಲ್ಲಿ ಆ ಹೊಳೆಯ ಅಡಿಕೆ ಮರದ ಪಾಲದಲ್ಲಿ ಹೊರೆಕಾಣಿಕೆಯ ತೆಂಗಿನಕಾಯಿ ಗೋಣಿ ಹೊತ್ತು ದಾಟಬೇಕು. ಪಕ್ಷ ಬದಲಿಸಿದವರು ಹಳೆಯ ಪಕ್ಷದಲ್ಲಿದ್ದಾಗ ಧರ್ಮದ ಬಗ್ಗೆ ಮಾಡಿದ ಭಾಷಣವನ್ನು ಧ್ವನಿವರ್ಧಕದಲ್ಲಿ ಪೂರ್ತಿ ಕೇಳುತ್ತಾ ಚಪ್ಪಲಿ ಸ್ಟ್ಯಾಂಡ್ ನೋಡಿಕೊಳ್ಳಬೇಕು. ದ್ವೇಷದ ಮಾತಿನಿಂದ ಕೈತಟ್ಟಿಸಿಕೊಂಡವರು ಬೆಳ್ಳಾರೆ ಕಡೆಯ ಆ ಎರಡೂ ಮನೆಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಕೂತು ಬರಬೇಕು, ಕ್ಯಾಮೆರಾ ಇಲ್ಲದೆ. ಈ ಕೊನೆಯದ್ದು ಸ್ವಲ್ಪ ಕಠಿಣವಾಯಿತೇನೋ.

ಇದನ್ನೆಲ್ಲ ನಾನು ನೆರೆಯ ಅಡಿಕೆ ತೋಟದ ಹಿರಿಯರೊಬ್ಬರಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, “ಅಲ್ಲ ಮಾರಾಯಾ, ಅಲ್ಲಿ ಶಿಕ್ಷೆ ಕೊಟ್ಟವರು ಈಗ ಎಲ್ಲಿದ್ದಾರೆ?”

ಅವರಿಗೆ ಪೇಪರು ಓದುವ ಚಾಳಿ ಉಂಟು, ಅದೇ ತೊಂದರೆ. ಬಾದಲ್‌ಗೆ ಶಿಕ್ಷೆ ಹೇಳಿದ ಅಕಾಲ್ ತಖ್ತ್‌ನ ಜತ್ತೇದಾರ್, ಅಂದರೆ ಮುಖ್ಯಸ್ಥ, ಗ್ಯಾನಿ ರಘಬೀರ್ ಸಿಂಗ್ ಅವರನ್ನು 2025ರ ಮಾರ್ಚ್ 7ರಂದು ಗುರುದ್ವಾರ ಸಮಿತಿಯ ಕಾರ್ಯಕಾರಿಣಿ ಆ ಸ್ಥಾನದಿಂದ ಇಳಿಸಿತು. ಸಮಿತಿಯಲ್ಲಿ ಬಹುಮತ ಬಾದಲ್ ಬಣದ್ದು. ಮುಂದಿನ ತಿಂಗಳು ಬಾದಲ್ ಮತ್ತೆ ಅಕಾಲಿ ದಳದ ಅಧ್ಯಕ್ಷರಾದರು. ಆ ಸಮಿತಿಗೆ ಕೊನೆಯ ಸಾರ್ವತ್ರಿಕ ಚುನಾವಣೆ ನಡೆದದ್ದು 2011ರಲ್ಲಿ. ಅಂದರೆ ಚಪ್ಪಲಿ ಒರೆಸಿದವರೂ ಕೊನೆಗೆ ಜತ್ತೇದಾರರ ಚಪ್ಪಲಿಯನ್ನು ಹೊರಗೆ ಇಡಿಸುತ್ತಾರೆ. ಇನ್ನು ಎರಡು ಕತ್ತಿ ಒಂದೇ ಒರೆಯಲ್ಲಿ ತುರುಕಿದಾಗ ಏನಾಗುತ್ತದೆ ಎಂಬುದನ್ನು 1984ರ ಜೂನ್ ಹೇಳಿದೆ. ತಖ್ತ್‌ನೊಳಗೆ ಬಂದೂಕು ಸೇರಿತು, ಹೊರಗಿನಿಂದ ಟ್ಯಾಂಕು ಬಂತು, ನಡುವೆ ಯಾತ್ರಿಕರು ಸತ್ತರು.

“ಮತ್ತೆ ಎಂಥದ್ದು ನಿನ್ನ ಸಿಖ್ಖರ ಹೆಚ್ಚುಗಾರಿಕೆ?” ಎಂದರು ಹಿರಿಯರು.

ಹೆಚ್ಚುಗಾರಿಕೆ ಇಷ್ಟೇ: ಅಲ್ಲಿ ನ್ಯಾಯದ ಕಟ್ಟೆಯನ್ನು ಹಿಡಿದುಕೊಳ್ಳಲು ರಾಜಕಾರಣಿ ಒದ್ದಾಡಬೇಕಾಗುತ್ತದೆ, ಯಾಕೆಂದರೆ ಕಟ್ಟೆ ಒಂದು ಇದೆ. ಅವರು ಕೆಡಿಸಿದ್ದಾರೆ ಎಂದು ಜನ ಹೇಳಲಿಕ್ಕೆ, ಕೆಡದೆ ಇದ್ದಾಗ ಹೇಗಿತ್ತು ಎಂಬ ನೆನಪು ಇದೆ. ನಮ್ಮಲ್ಲಿ ಕೆಡುವ ಭಯವೇ ಇಲ್ಲ. ದೇವಸ್ಥಾನದಲ್ಲಿ ರಾಜಕೀಯವೇ ಇಲ್ಲ ಎಂದಮೇಲೆ ಕೆಡುವುದು ಏನು?

ಕುಕ್ಕೆಯಲ್ಲಿ ಚಂಪಾಷಷ್ಠಿಯ ಹೊತ್ತಿಗೆ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ ಬೇಕು, ಬೇಡ ಎಂದು ವರ್ಷಗಟ್ಟಲೆ ಜಗಳವಾಯಿತು. ಬೀದಿಯಲ್ಲಿ ಆಯಿತು, ಹೈಕೋರ್ಟಿನಲ್ಲಿ ಆಯಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಂಜಲೆಲೆಯ ಮೇಲೆ ಬೇರೆಯವರು ಉರುಳುವ ಹಕ್ಕಿನ ಬಗ್ಗೆ ಮಾತಾಡಿದ ನಾಯಕರು ಎಷ್ಟೋ ಜನ. ಎಂಜಲೆಲೆ ಎತ್ತುವ ಹಕ್ಕು ನಮಗೆ ಕೊಡಿ ಎಂದು ಅರ್ಜಿ ಹಾಕಿದ ನಾಯಕ ಒಬ್ಬನೂ ಇಲ್ಲ.

ಆದ್ದರಿಂದ ಧಾರ್ಮಿಕ ದತ್ತಿ ಇಲಾಖೆಯ ಮಂತ್ರಿಗಳಲ್ಲಿ, ಅವರು ಯಾವ ಪಕ್ಷದವರೇ ಆಗಿರಲಿ, ನನ್ನದೊಂದು ಸಣ್ಣ ಮನವಿ. ಕಾಯ್ದೆ ತಿದ್ದುವುದು ಬೇಡ, ಅದಕ್ಕೆ ಪರಿಷತ್ತು, ರಾಜ್ಯಪಾಲರು ಎಂದೆಲ್ಲ ತಾಪತ್ರಯ. ವ್ಯವಸ್ಥಾಪನಾ ಸಮಿತಿಯ ಅರ್ಜಿ ಫಾರ್ಮಿನಲ್ಲಿ ಒಂದು ಕಲಂ ಸೇರಿಸಿ: ‘ಅರ್ಜಿದಾರರು ಕಳೆದ ಒಂದು ವರ್ಷದಲ್ಲಿ ಈ ದೇವಸ್ಥಾನದ ಅನ್ನಸಂತರ್ಪಣೆಯಲ್ಲಿ ಎಷ್ಟು ದಿನ ಎಲೆ ಎತ್ತಿದ್ದಾರೆ? ಕೊನೆಯ ಪಂಕ್ತಿಯಲ್ಲಿ ಉಂಡ ಇಬ್ಬರು ಭಕ್ತರ ಸಹಿ ಲಗತ್ತಿಸುವುದು.’ ಇದಕ್ಕೆ ಶಾಸಕರ ಶಿಫಾರಸು ಪತ್ರ ನಡೆಯುವುದಿಲ್ಲ ಎಂದು ಕೆಳಗೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಅರ್ಜಿಗಳ ರಾಶಿ ಅರ್ಧಕ್ಕರ್ಧ ಇಳಿಯದಿದ್ದರೆ ಆಮೇಲೆ ಕೇಳಿ.